ಓನರಮ್ಮನ ಆಣೆ

ಓನರಮ್ಮನ ಮೂಗಿನ ಎರಡೂ ಕಡೆ ಬೊಟ್ಟುಗಳಿದ್ದವು. ಎಡಗಡೆಯದು ಬಿಳಿ ಹರಳು, ಬಲಗಡೆಯದು ಕೆಂಪು. ಯಾರ ಮೇಲಾದರೂ ಅನುಮಾನ ಬಂದರೆ ಸಾಕು, ಮೂಗಿನ ಹೊಳ್ಳೆ ಅರಳಿ ಎರಡೂ ಹರಳು ಅಲುಗುತ್ತಿದ್ದವು. ಪಟ್ಟಂದೂರು ಅಗ್ರಹಾರದ ಅವರ ವಠಾರದಲ್ಲಿ ಬಾಡಿಗೆಗಿದ್ದ ನಾವೆಲ್ಲ ಮೊದಲು ಅವರ ಮೂಗು ನೋಡಿ ಆಮೇಲೆ ಮಾತಿಗಿಳಿಯುತ್ತಿದ್ದೆವು. ಹರಳು ಸುಮ್ಮನಿದ್ದ ದಿನ ಕಡಿಮೆ.

ಅವರ ಅನುಮಾನಕ್ಕೆ ಇಂಥದ್ದೇ ಕಾರಣ ಬೇಕು ಅಂತಿರಲಿಲ್ಲ. ನಮ್ಮ ಬಾಗಿಲ ಮುಂದೆ ಹೊಸ ಚಪ್ಪಲಿ ಕಂಡರೆ, "ಯಾರಮ್ಮಿ ಬಂದಿರೋದು? ಯಾವಾಗ ಓಗ್ತಾರೆ?" ತೊಟ್ಟಿಯಲ್ಲಿ ನೀರು ಇಳಿದಿದ್ದರೆ, "ಯಾರೋ ಕಂಬಳಿ ಒಗ್ದವ್ರೆ." ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ. ಒಂದು ಸಲ ಧೈರ್ಯ ಮಾಡಿ ಕೇಳಿದ್ದೆ, ಯಾಕ್ರೀ ಅಮ್ಮಾ ಹಿಂಗ ಅಂತ. ವಠಾರದ ಹಿಂದೆ ಎದ್ದು ನಿಂತಿದ್ದ ಗಾಜಿನ ಕಟ್ಟಡದ ಕಡೆ ಗದ್ದ ಎತ್ತಿ ತೋರಿಸಿದರು. "ಅಲ್ಲಿ ನಮ್ಮ ರಾಗಿ ಒಲ ಇತ್ತು. ನಮ್ಮೆಜಮಾನ್ರ ಅತ್ರ ಅದನ್ನ ಬರೆಸ್ಕೊಂಡೋರು ನಕ್ಕೊಂಡೇ ಬಂದಿದ್ರು ಕಣಮ್ಮಿ." ಅಷ್ಟು ಹೇಳಿ ಮೋಟರ್ ಆಫ್ ಮಾಡಲು ಎದ್ದು ಹೋದರು.

ನಾನು ವಿಜಯಪುರದ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ನಾನು ಬಾಗಿಲಲ್ಲೇ ಒಲೆ ಹಾಕಿ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಕೂಲಿ ಜನಕ್ಕೆ ಮಾರುತ್ತಿದ್ದೆ. ಓನರಮ್ಮ ದಿನಾ ಬಂದು ನಿಲ್ಲುತ್ತಿದ್ದರು. "ಇದ್ರಾಗೆ ಅಕ್ಕಿ ಇಟ್ಟು ಸೇರ್ಸಿದ್ದೀಯ, ನಂಗೊತ್ತು" ಎನ್ನುತ್ತಲೇ ಒಂದು ರೊಟ್ಟಿ ಮುಗಿಸಿ, "ಎಲ್ಲಿ, ಇನ್ನೊಂದು ಕೊಡು, ನೋಡೋಣ" ಎಂದು ಕೈ ಚಾಚುತ್ತಿದ್ದರು. ಹೊಟ್ಟೆಕಿಚ್ಚಿನ ಹೆಂಗಸಲ್ಲ, ಕೆಟ್ಟವರೂ ಅಲ್ಲ. ನಂಬಿಕೆ ಎನ್ನುವುದೊಂದು ಅವರ ಕೈಗೆ ಹತ್ತಲಿಲ್ಲ ಅಷ್ಟೆ.

ಅವರ ಮಕ್ಕಳು ಬೇರೆ ಮನೆ ಮಾಡಿಕೊಂಡಿದ್ದರು. ಒಮ್ಮೆ ಮಾಲೂರಿನಲ್ಲಿ ನೆಂಟರ ಮದುವೆಗೆ ಹೋಗುವಾಗ ಮನೆಯ ಕೀಲಿ ನನ್ನ ಕೈಗೆ ಕೊಟ್ಟರು. ಉಳಿದವರ ಮೇಲೆ ನಂಬಿಕೆ ಇನ್ನೂ ಕಡಿಮೆ ಇದ್ದದ್ದಕ್ಕೆ ಕೊಟ್ಟದ್ದು, ನನ್ನ ಮೇಲೆ ಇದ್ದದ್ದಕ್ಕಲ್ಲ. ಮನೆ ಗುಡಿಸಿ ಬಾಗಿಲಿಗೆ ನೀರು ಹಾಕು ಅಂದಿದ್ದರು. ಹಾಕಿದೆ. ಮಧ್ಯಾಹ್ನ ಫೋನ್ ಮಾಡಿ, "ಮನೆ ಏನಾಯ್ತಮ್ಮಿ?" ಎಂದರು. "ಎಲ್ಲಾ ಹೊಡದೀನ್ರೀ ಅಮ್ಮಾ. ದೇವರ ಖೋಲೀನೂ ಹೊಡದೀನಿ. ಒಂದೂ ಬಿಟ್ಟಿಲ್ರಿ" ಎಂದೆ. ಫೋನ್ ಇಟ್ಟುಬಿಟ್ಟರು. ಸಂಜೆಯೊಳಗೆ ಮದುವೆ ಊಟ ಬಿಟ್ಟು ಬಸ್ ಹತ್ತಿ ಬಂದೇಬಿಟ್ಟರು.

ದೇವರ ಕೋಣೆಯಲ್ಲಿ ಬೆಳ್ಳಿಯ ಜೋಡಿ ದೀಪ ಇರಲಿಲ್ಲ. ನನ್ನೆದುರು ಅವರು ಒಂದು ಮಾತೂ ಆಡಲಿಲ್ಲ. ಕೀಲಿ ಇಸಿದುಕೊಂಡರು. ಮಾರನೆಯ ದಿನದಿಂದ ನಾನು ನಲ್ಲಿಗೆ ಹೋದರೆ ಹೆಂಗಸರ ಮಾತು ನಿಲ್ಲತೊಡಗಿತು. ಬಾಗಿಲು ತೆರೆದಿಟ್ಟೇ ಅಂಗಡಿಗೆ ಹೋಗುತ್ತಿದ್ದ ಪಕ್ಕದ ಮನೆಯಾಕೆ ಚಿಲಕ ಹಾಕಿ, ಬೀಗ ಹಾಕಿ, ಬೀಗ ಎಳೆದೂ ನೋಡಿ ಹೋಗುವಳು. ಬಡತನಕ್ಕೆ ನಾನು ಎಂದೂ ಅತ್ತವಳಲ್ಲ. ಕಳ್ಳಿ ಅನ್ನಿಸಿಕೊಂಡು ಅತ್ತೆ. ಖೋಲಿ ಬಿಡೋಣ ಎಂದರು ಗಂಡ. ಬಿಟ್ಟು ಹೋದರೆ ಕದ್ದದ್ದು ನಿಜ ಅಂತಾಗುತ್ತದೆ, ಜಪ್ಪಯ್ಯ ಅಂದರೂ ಹೋಗುವುದಿಲ್ಲ ಎಂದು ಹಟ ಹಿಡಿದು ಕೂತೆ.

ಬೀದಿಯ ಹೆಂಗಸರು ವರ್ಷಕ್ಕೊಮ್ಮೆ ತಿರುಪತಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಆ ವರ್ಷ ಓನರಮ್ಮ ಬಂದು ನನ್ನ ಒಲೆಯ ಮುಂದೆ ನಿಂತು, "ನೀನೂ ಬಾ. ಬೇಡ ಅನ್ಬೇಡ" ಎಂದರು. ಮೂಗು ನೋಡಿದೆ, ಹರಳು ಅಲುಗಲಿಲ್ಲ. ಅದಕ್ಕೇ ನನಗೆ ದಿಗಿಲಾಯಿತು. ಒಲ್ಲೆ ಅಂದರೆ ದೇವರ ಮುಂದೆ ಬರಲು ಹೆದರಿದಳು ಅಂತಾರೆ. ಹೊರಟೆ.

ದಾರಿಯುದ್ದಕ್ಕೂ ಅವರು ನನ್ನ ಪಕ್ಕ ಬಿಡಲಿಲ್ಲ. ಕೋಲಾರ ದಾಟುವ ಹೊತ್ತಿಗೆ ಬರಿಗಾಲಲ್ಲಿ ಬೊಬ್ಬೆ ಎದ್ದವು. ಓನರಮ್ಮ ತಾವೇ ಕೂತು ನನ್ನ ಹಿಮ್ಮಡಿಗೆ ಹರಳೆಣ್ಣೆ ತಿಕ್ಕಿದರು. ನನಗಿಂತ ಹಿರಿಯರು, ಮನೆ ಮಾಲೀಕರು, ನನ್ನ ಕಾಲು ಹಿಡಿದಿದ್ದಾರೆ. ಯಾಕೆ? ಇಡ್ಲಿ ಬಂದರೆ ನನಗೊಂದು ಹೆಚ್ಚು ಹಾಕಿಸುತ್ತಿದ್ದರು. ಯಾಕೆ? ಗಡಿಯ ನಂಗಲಿ ದಾಟಿದ ಮೇಲೆ ಪಕ್ಕದ ಮನೆಯಾಕೆ ನನ್ನ ಜೊತೆ ಹೆಜ್ಜೆ ಹಾಕುತ್ತ ಮೆಲ್ಲಗೆ ಅಂದಳು, "ಕಾಣಿಪಾಕದಲ್ಲಿ ಆಣೆ ಇದೆಯಂತಲ್ಲ. ಓನರಮ್ಮ ಹೇಳ್ತಿದ್ರು."

ತಿರುಪತಿ ದಾರಿಯಲ್ಲಿ ಸಿಗುವ ಕಾಣಿಪಾಕದ ಗಣಪನ ಮುಂದೆ, ಕೊಳದಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ಆಣೆ ಮಾಡುವ ಪದ್ಧತಿಯನ್ನು ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳು ಆಣೆ ಮಾಡಿದರೆ ಉಳಿಗಾಲವಿಲ್ಲವಂತೆ. ಎಣ್ಣೆ ತಿಕ್ಕಿದ್ದು ಇದಕ್ಕೆ. ಕುರಿಗೆ ಸೊಪ್ಪು ಹಾಕಿದ ಹಾಗೆ ಇಡ್ಲಿ ಹಾಕಿದ್ದೂ ಇದಕ್ಕೇ. ನಾನು ಕದ್ದಿಲ್ಲ, ಆಣೆಗೆ ಹೆದರಿಕೆ ಇರಲಿಲ್ಲ. ಆದರೆ ಆಣೆ ಮಾಡಿಸಿಕೊಂಡವಳು ಎನ್ನುವ ಹೆಸರು ತೊಳೆದರೂ ಹೋಗುವುದಲ್ಲ. ಕೇಳಿದರೆ ಮಾಡುವುದಿಲ್ಲ, ಅಲ್ಲಿಂದಲೇ ತಿರುಗಿ ಬಸ್ ಹತ್ತುವುದು, ಖೋಲಿ ಖಾಲಿ ಮಾಡುವುದು ಎಂದು ನಿಶ್ಚಯ ಮಾಡಿಕೊಂಡೇ ನಡೆದೆ. ತಿರುಪತಿ ಇನ್ನು ಹತ್ತಿರ ಎಂದು ಉಳಿದವರೆಲ್ಲ ಗೋವಿಂದ ಗೋವಿಂದ ಎಂದು ಹುರುಪಿನಿಂದ ಕೂಗುತ್ತಿದ್ದರು. ನಾನು ತಲೆ ತಗ್ಗಿಸಿ ಹೆಜ್ಜೆ ಹಾಕುತ್ತಿದ್ದೆ.

ಕಾಣಿಪಾಕದಲ್ಲಿ ಓನರಮ್ಮ ಕೊಳಕ್ಕಿಳಿದು ಮುಳುಗಿ, ಮೇಲೆ ಬಂದು, ನನ್ನ ಕೈ ಹಿಡಿದು ಒಳಗೆ ನಡೆದರು. ಬೀದಿಯ ಹೆಂಗಸರೆಲ್ಲ ಹಿಂದೆಯೇ ಬಂದರು. ನಮ್ಮ ಮುಂದೆ ಒಬ್ಬ ಹೆಂಗಸು ಗಂಡನನ್ನು ನಿಲ್ಲಿಸಿ ಕುಡಿತ ಬಿಡುವ ಆಣೆ ಮಾಡಿಸುತ್ತಿದ್ದಳು. ನಮ್ಮ ಸರದಿ ಬಂತು. ನಾನು ಕೈ ಕೊಸರಿಕೊಂಡೆ.

"ನಾ ಆಣಿ ಮಾಡಂಗಿಲ್ರಿ."

"ನಿನ್ನ ಯಾರು ಕೇಳಿದ್ರು? ಸುಮ್ಕೆ ನಿಂತ್ಕೊ. ಆಣೆ ನಂದು" ಎಂದರು ಓನರಮ್ಮ.

ಆಮೇಲೆ ಗಣಪನ ಕಡೆ ತಿರುಗಿ, ಮಾರ್ಕೆಟ್ಟಿನಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ ಹೇಳಿದರು. "ನಮ್ಮಪ್ಪಾ, ದೀಪ ನಾನೇ ರಾಗಿ ಡ್ರಮ್ಮಿನಾಗೆ ಬಚ್ಚಿಟ್ಟು ಮರ್ತಿದ್ದೆ. ಇವಳ ಕೈಗೆ ಸಿಗ್ದಿರ್ಲಿ ಅಂತ್ಲೇ ಬಚ್ಚಿಟ್ಟಿದ್ದು. ಸಿಕ್ಕಿದ ಮೇಲೂ ಬಾಯಿ ಬಿಡ್ಲಿಲ್ಲ. ನನ್ನ ಮಾನ ಓಗ್ತದೆ ಅಂತ ಇವಳ ಮಾನ ಕಳ್ದೆ. ಇವತ್ತಿಂದ ಯಾರ ಮೇಲೂ ಅನುಮಾನ ಪಡಲ್ಲ. ಪಟ್ರೆ ನನ್ನ ಕಣ್ಣು ತಗೋ."

ಕುಡಿತ ಬಿಟ್ಟ ಹಾಗೆ ಅನುಮಾನ ಬಿಟ್ಟರು. ಪಕ್ಕದ ಮನೆಯಾಕೆ ನನ್ನ ತೋಳು ಹಿಡಿದುಕೊಂಡಳು, ಅವಳ ಕಣ್ಣಲ್ಲಿ ನೀರಿತ್ತು.

ಹೊರಗೆ ಬಂದು ಕೇಳಿದೆ, "ಇದನ್ನ ಹೇಳಾಕ ಇಷ್ಟು ದೂರ ನಡಸಿಕೊಂಡು ಬಂದ್ರೇನ್ರಿ? ವಠಾರದಾಗ ಹೇಳಿದ್ರ ಆಗ್ತಿರಲಿಲ್ಲೇನು?"

"ಅಲ್ಲೇಳಿದ್ರೆ ನಾಳೆ ಮತ್ತೆ ಸುರು ಆಗ್ತದೆ. ಇಲ್ಲೇಳಿದ್ರೆ ಭಯ ಇರ್ತದೆ. ನಿನ್ನ ಕಿವಿಗೂ ಬೀಳ್ಬೇಕಿತ್ತಲ್ಲ." ಒದ್ದೆ ಸೆರಗು ಹಿಂಡಿಕೊಂಡರು. "ಅದ್ಸರಿ, ಫೋನಿನಾಗೆ ಎಲ್ಲಾ ಒಡ್ದೀನಿ, ಒಂದೂ ಬಿಟ್ಟಿಲ್ಲ ಅಂತ ಯಾಕಮ್ಮಿ ಅಂದೆ?"

"ಕಸಾ ರೀ ಅಮ್ಮಾ. ಕಸ ಹೊಡದೀನಿ ಅಂದೆ."

"ಕಸ ಯಾರಾದ್ರೂ ಒಡೀತಾರಾ? ಗುಡಿಸ್ತಾರೆ."

"ನಮ್ಮ ಕಡೆ ಹೊಡೀತಾರ್ರಿ."

ಓನರಮ್ಮ ಕಟ್ಟೆಯ ಮೇಲೆ ಕುಕ್ಕರಿಸಿಬಿಟ್ಟರು. ಈ ಕಡೆ ಮನೆ ಹೊಡೆದರು ಅಂದರೆ ದೋಚಿದರು ಅಂತಲೂ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಅವರು ಹೊಟ್ಟೆ ಹಿಡಿದುಕೊಂಡು ನಗುವಾಗ. ನನಗೆ ನಗು ಬರಲಿಲ್ಲ, ಸಿಟ್ಟಿತ್ತು. ಬಂದದ್ದು ತಿರುಮಲೆಯ ಮೆಟ್ಟಿಲ ಮೇಲೆ. ಮಂಡಿಯೂರಿ ಹತ್ತುವ ಕೊನೆಯ ಮೆಟ್ಟಿಲುಗಳಲ್ಲಿ ಅವರು ಏದುಸಿರು ಬಿಡುತ್ತ, ಅರಿಸಿನ ಹಚ್ಚುವ ಮುಂಚೆ ಸೆರಗಿನಿಂದ ಮೆಟ್ಟಿಲ ಧೂಳು ಒರೆಸುತ್ತ, "ಇದನ್ನೂ ಒಡ್ದೆ ಕಣಮ್ಮಿ, ಒಂದೂ ಬಿಟ್ಟಿಲ್ಲ" ಎಂದರು. ಇಬ್ಬರೂ ದಾರಿಗೆ ಅಡ್ಡ ಕೂತು ನಕ್ಕೆವು. ಹಿಂದಿನವರು ತೆಲುಗಿನಲ್ಲಿ ಬೈದರು.

ಆಣೆ ಉಳಿಸಿಕೊಳ್ಳಲು ಆ ಜೀವ ಪಟ್ಟ ಪಾಡು ನೋಡಬೇಕಿತ್ತು. ಹೊಸ ಚಪ್ಪಲಿ ಕಂಡರೆ ಸರಕ್ಕನೆ ಗೋಡೆ ಕಡೆ ತಿರುಗುತ್ತಿದ್ದರು. ಹಾಲಿನವನು ನಕ್ಕರೆ ತಾವೂ ನಗುತ್ತಿದ್ದರು, ಅವನೇ ಗಾಬರಿಯಾಗುತ್ತಿದ್ದ. ಒಮ್ಮೆ ವಠಾರದ ನೀರಿನ ಮೋಟರನ್ನೇ ಯಾರೋ ಕಳಚಿಕೊಂಡು ಹೋದರು. ಪೊಲೀಸಿನವರು ಬಂದು, "ಯಾರ ಮೇಲಾದ್ರೂ ಅನುಮಾನ ಇದ್ಯಾ ಅಮ್ಮ?" ಎಂದು ಕೇಳಿದರು. ಹರಳುಗಳು ಗಡಗಡ ಅಲುಗಿದವು. ಓನರಮ್ಮ ತುಟಿ ಕಚ್ಚಿಕೊಂಡು, "ನಾನು ಅನುಮಾನ ಪಡಂಗಿಲ್ಲ ಸಾರ್, ಆಣೆ ಆಗೈತೆ" ಎಂದರು. ಪೊಲೀಸಿನವರು ಟೀ ಕುಡಿದು ಹೋದರು. ಮೋಟರ್ ಸಿಗಲಿಲ್ಲ.

ಕೊನೆಗಾಲದಲ್ಲಿ ಅವರು ಹಾಸಿಗೆ ಹಿಡಿದಾಗ ನಾನೇ ಪಕ್ಕದಲ್ಲಿ ಮಲಗುತ್ತಿದ್ದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ಮಾತಿಲ್ಲದೆ ತಿನ್ನುತ್ತಿದ್ದರು. ಅಕ್ಕಿ ಹಿಟ್ಟಿನ ಸುದ್ದಿ ಎತ್ತಲಿ ಎಂದು ನಾನು ಕಾಯುತ್ತಿದ್ದೆ, ಎತ್ತಲಿಲ್ಲ.

ಅವರು ಹೋದ ಬೆಳಿಗ್ಗೆ ಸ್ನಾನ ಮಾಡಿಸುವಾಗ ಎಡಗೈಯ ಚಿನ್ನದ ಬಳೆ ಇರಲಿಲ್ಲ. ನೆಂಟರ ನಡುವೆ ಗುಸುಗುಸು ಎದ್ದು, ಎಲ್ಲರ ಕಣ್ಣೂ ಒಂದೊಂದಾಗಿ ನನ್ನ ಮೇಲೆ ಬಂದು ನಿಂತವು. ಅಷ್ಟರಲ್ಲಿ ಹಿರಿಯ ಮಗ ತಾಯಿಯ ತಲೆಯ ಹತ್ತಿರದಿಂದ ಎದ್ದು ನಿಂತ.

"ಯಾರೂ ಅಕ್ಕನ ಕಡೆ ನೋಡ್ಬೇಡಿ. ಅಮ್ಮ ಆಣೆ ಮಾಡವ್ಳೆ. ಈ ಮನೇಲಿ ಅದಿನ್ನೂ ಐತೆ."

ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಓನರಮ್ಮನ ಕಾಲು ಹಿಡಿದುಕೊಂಡು ಅತ್ತೆ.

ಆ ಬಳೆ ಯಾರು ತೆಗೆದರೋ ಇವತ್ತಿಗೂ ಗೊತ್ತಿಲ್ಲ. ನನಗೊಬ್ಬರ ಮೇಲೆ ಅನುಮಾನವಿದೆ. ಹೇಳುವುದಿಲ್ಲ.