ಲೈನ್ ಮನೆಯಲ್ಲಿ ಹಾಕಿದ ಎಲೆ

ನಮ್ಮ ಮನೆಯ ಬಾಗಿಲನ್ನು ಯಾರೂ ಬಡಿಯುವ ಹಾಗಿಲ್ಲ. ಬೆಲ್ ಒತ್ತಬೇಕು, ಇಲ್ಲವೇ ಅಂಗಳದಿಂದ ಕೂಗಬೇಕು. ಹಾಲಿನವನಿಗೆ, ಪಕ್ಕದ ಮನೆಯವರಿಗೆ, ನೆಂಟರಿಗೆ ಎಲ್ಲರಿಗೂ ಹೇಳಿಟ್ಟಿದ್ದೇನೆ. ಕಾರಣ ಕೇಳಿದರೆ ನನ್ನ ಗಂಡನ ಹೃದಯದ ನೆಪ ಹೇಳುತ್ತೇನೆ. ನಿಜವಾದ ಕಾರಣವನ್ನು ಬರೆಯುತ್ತಿರುವುದು ಇದೇ ಮೊದಲು. ಬೆಳಿಗ್ಗೆ ಎದ್ದು ಗಂಜಿಗೆ ನೀರಿಡುವ, ಹೊತ್ತಿಗೆ ಸರಿಯಾಗಿ ಮಾತ್ರೆ ಎತ್ತಿಕೊಡುವ ಹೆಂಗಸು ನಾನು. ಇಲ್ಲದ್ದನ್ನು ಹುಟ್ಟಿಸಿ ಹೇಳುವಷ್ಟು ಪುರುಸೊತ್ತು ನನಗಿಲ್ಲ.

ಪಂಜದಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಹೋದ ವರ್ಷ ಅಂಗಡಿಯಲ್ಲೇ ನನ್ನ ಗಂಡನಿಗೆ ಎದೆನೋವು ಬಂತು. ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವರು ಏಳಲೇ ಇಲ್ಲ. ಅವರನ್ನು ಎಬ್ಬಿಸಿದ್ದು ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಪಾಳುಬಿದ್ದ ಬಂಗಲೆ, ಹಳೆಯ ಸೇತುವೆ, ಪಾಚಿ ಹಿಡಿದ ವೀರಗಲ್ಲು... ವಾರಕ್ಕೊಂದು ಕಡೆ ಹೊರಡುತ್ತಿದ್ದರು. ಒಬ್ಬರನ್ನೇ ಕಳಿಸಬೇಡಿ ಎಂದು ಡಾಕ್ಟರ್ ಹೇಳಿದ್ದರಿಂದ ಬುತ್ತಿ, ಫ್ಲಾಸ್ಕು, ಮಾತ್ರೆಯ ಡಬ್ಬಿ ಹಿಡಿದುಕೊಂಡು ಹಿಂದೆ ನಾನು. ಅವರು ಬದುಕಿದ್ದರೆ ಸಾಕಿತ್ತು ನನಗೆ. ಕಲ್ಲು ಮುಳ್ಳು ತುಳಿಯುವುದು ದೊಡ್ಡದೆನಿಸುತ್ತಿರಲಿಲ್ಲ.

ಆ ದಿನ ಹೋದದ್ದು ಗುತ್ತಿಗಾರಿನ ಮೇಲೆ, ಕಾಡಿನಂಚಿನ ಒಂದು ರಬ್ಬರ್ ತೋಟಕ್ಕೆ. ತೋಟ ಇವರ ಸ್ನೇಹಿತ ಮೋನಪ್ಪಣ್ಣನದು. ಗುಡ್ಡದ ತಲೆಯಲ್ಲಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸದವರಿಗೆಂದು ಕಟ್ಟಿಸಿದ ಹಳೆಯ ಲೈನ್ ಮನೆ ಇದೆ. ಒಂದೇ ಸಾಲಿನಲ್ಲಿ ನಾಲ್ಕು ಕೋಣೆ, ಎದುರಿಗೆ ಉದ್ದಕ್ಕೂ ಜಗಲಿ. ಆನೆ ಕಾಟ ಹೆಚ್ಚಿದ ಮೇಲೆ ಅಲ್ಲಿ ಯಾರೂ ಉಳಿದಿಲ್ಲ.

ಮೋನಪ್ಪಣ್ಣ ಜೀಪನ್ನು ಕೆಳಗಿನ ದಾರಿಯಲ್ಲೇ ನಿಲ್ಲಿಸಿದರು. ಮೊಣಕಾಲು ನೋವು, ತಾನು ಹತ್ತುವುದಿಲ್ಲ ಎಂದರು.

"ಕತ್ತಲೆ ಆಗುದ್ರೊಳಗೆ ಇಳಿದು ಬನ್ನಿ ಮಾರಾಯ್ರೆ. ಆನೆ ಬಂದ್ರೆ ಮತ್ತೆ ನಿಮ್ಮ ಫೋಟೊ ಅದು ತೆಗೀತದೆ."

ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಬಿಸಿಲಿಗೆ ರಬ್ಬರ್ ಕಾಯಿಗಳು ಟಪ್ ಟಪ್ ಎಂದು ಸಿಡಿಯುತ್ತಿದ್ದವು. ಹಳಸಿದ ರಬ್ಬರ್ ಹಾಲಿನ ಹುಳಿ ವಾಸನೆ ದಾರಿಯುದ್ದಕ್ಕೂ ಇತ್ತು. ನಾವು ಮೇಲೆ ತಲುಪುವಾಗ ಹೊತ್ತು ಇಳಿದಿತ್ತು. ಕಾಯಿ ಸಿಡಿಯುವುದು ನಿಂತಿತ್ತು.

ಸುಳ್ಯದ ಫೋಟೊ ಬಳಗದವರು ಆ ತಿಂಗಳ ಸ್ಪರ್ಧೆಗೆ 'ಕಾಯುವುದು' ಎಂಬ ವಿಷಯ ಕೊಟ್ಟಿದ್ದರು. ಇವರ ಯೋಚನೆ ಮನೆಯಲ್ಲೇ ಸಿದ್ಧವಾಗಿತ್ತು. ಪಾಳು ಕೋಣೆಯಲ್ಲಿ ಒಂದು ಬಾಳೆಎಲೆ, ಬಡಿಸಿದ ಊಟ, ಪಕ್ಕದಲ್ಲಿ ಹಚ್ಚಿಟ್ಟ ದೀಪ. ಉಣ್ಣುವವರು ಮಾತ್ರ ಇಲ್ಲ. ಅದಕ್ಕೆಂದೇ ನಮ್ಮ ಕಾಲುದೀಪವನ್ನು ಚೀಲದಲ್ಲಿ ತಂದಿದ್ದರು.

ಕೊನೆಯ ಕೋಣೆಯ ನೆಲ ಗುಡಿಸಿ ಎಲೆ ಹಾಕಿದೆ. ಬುತ್ತಿಯಲ್ಲಿದ್ದ ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು, ಪಲ್ಯ ಬಡಿಸಿದೆ. ಅದು ಇವರ ಪಾಲಿನ ರಾತ್ರಿಯೂಟ.

"ನಿಮಗೆ ಮತ್ತೆ ಎಂತ ಉಂಟು ತಿನ್ಲಿಕ್ಕೆ?" ಎಂದೆ.

"ನಿನ್ನ ಉಪ್ಪಿಲ್ಲದ ಸಾಂಬಾರು ಬೇರೆಯವರೂ ಒಮ್ಮೆ ಉಣ್ಲಿ ಮಾರಾಯ್ತಿ," ಎಂದು ನಕ್ಕರು. ಕೋಣೆಯ ಕತ್ತಲಿಗೆ ಕೈ ಮುಗಿದು, "ಬನ್ನಿ, ಕೂತ್ಕೊಳ್ಳಿ" ಎಂದೂ ಹೇಳಿದರು. ನಾನೂ ನಕ್ಕೆ.

ಕ್ಯಾಮೆರಾವನ್ನು ಒಳಗಿನ ಮೂಲೆಯಲ್ಲಿ, ಎಲೆಗೂ ಬಾಗಿಲಿಗೂ ಮುಖ ಮಾಡಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ದೀಪದ ಬೆಳಕೊಂದೇ ಸಾಕಾಗಬೇಕಾದರೆ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕಂತೆ. ಹೊರಗಿನ ಬೆಳಕು ಬರಬಾರದು, ನೆಲ ಅಲುಗಬಾರದು. ಹಾಗಾಗಿ ಟೈಮರ್ ಇಟ್ಟು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಚಿಲಕ ಹಾಕಿದವಳು ನಾನೇ. ತುಕ್ಕು ಹಿಡಿದಿತ್ತು, ಅಂಗೈಯಿಂದ ಗುದ್ದಿ ಕೂರಿಸಿದ್ದು ನೆನಪಿದೆ.

ಜಗಲಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಅಕ್ಕಪಕ್ಕ ಕೂತೆವು. ಮಾತಿಲ್ಲ. ಕತ್ತಲು ಮರಗಳ ಬುಡದಿಂದ ಮೇಲೇರುತ್ತಿತ್ತು...

ಆಗ ನನಗೆ ಹೊಳೆಯಿತು.

ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಬಳಸುವ, ಅಂದರೆ ಊಟ ಬಡಿಸುವ, ಕ್ರಮವೊಂದಿದೆ. ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ದೀಪವಿಟ್ಟು, ಬನ್ನಿ ಎಂದು ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಮೌನವಾಗಿ ಕೂರುವುದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯರು ಬಾಗಿಲಿಗೆ ಮೂರು ಸಲ ಬಡಿಯುತ್ತಾರೆ. ಉಣ್ಣಲು ಬಂದವರು ಎದ್ದು ಹೋಗಲಿ ಎಂದು. ಬದುಕಿದವರ ಕಣ್ಣಿಗೆ ಅವರು ಬೀಳಬಾರದು. ಆಮೇಲೆ ಬಾಗಿಲು ತೆರೆಯುವುದು.

ಫೋಟೊಕ್ಕೆಂದು ಒಂದೊಂದಾಗಿ ನಾವು ಮಾಡಿದ್ದೂ ಅದನ್ನೇ. ಗುರುತು ಪರಿಚಯವಿಲ್ಲದ ಜಾಗದಲ್ಲಿ, ಯಾರನ್ನು ಕರೆದೆವೆಂದು ತಿಳಿಯದೆ.

ಇವರಿಗೆ ಹೇಳಲೇ, ಬೇಡವೇ? ಗಾಬರಿಯಾಗಿ ಎದೆಗೇನಾದರೂ ಆದರೆ? ನಾನೇ ಎದ್ದು ಮೂರು ಸಲ ಬಡಿದು ಮುಗಿಸಿಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ...

ಟಕ್.

ಟಕ್.

ಟಕ್.

ನಮ್ಮ ಬೆನ್ನ ಹಿಂದೆ. ಒಳಗಿನಿಂದ.

ಅವಸರವಿರಲಿಲ್ಲ ಆ ಬಡಿತದಲ್ಲಿ. ಹಿರಿಯರಿಗೆ ಬಳಸುವಾಗ ನಮ್ಮ ಮಾವನವರು ಬಡಿಯುತ್ತಿದ್ದ ಹಾಗೆಯೇ, ಬೆರಳ ಗೆಣ್ಣಿನಿಂದ, ಮರ್ಯಾದೆಯಾಗಿ. ಹೊರಗಿರುವವರು ಎದ್ದು ಹೋಗಲಿ ಎಂಬಂತೆ.

ನಾನು ಕಲ್ಲಾಗಿ ಕೂತಿದ್ದೆ. ಇವರು ಎದ್ದರು.

ಉಂಡು ಏಳುವವರ ಹಾಗೆ, ಕೈ ನೆಲಕ್ಕೂರಿ ನಿಧಾನವಾಗಿ ಎದ್ದರು. ನನ್ನ ಕಡೆ ತಿರುಗಲೂ ಇಲ್ಲ. ಚಪ್ಪಲಿ ಮೆಟ್ಟದೆ ಜಗಲಿಯಿಳಿದು ಕಾಡಿನ ಕಡೆಗೆ ಹೆಜ್ಜೆ ಹಾಕತೊಡಗಿದರು. ನಾವು ಬಂದ ದಾರಿ ಅದಲ್ಲ. ಓಡಿಹೋಗಿ ಅಂಗಿ ಹಿಡಿದೆ. ಬಟ್ಟೆ ತಣ್ಣಗಿತ್ತು... ಒಗೆದು ಹಿಂಡಿದ ಬಟ್ಟೆಯ ಹಾಗೆ.

"ಎಲ್ಲಿಗೆ?"

"ಹೊರಡುದಲ್ವಾ?" ಎಂದರು, ನನಗೇ ತಿಳಿಯದ್ದೇನು ಎಂಬಂತೆ. "ಹೊರಡ್ಲಿಕ್ಕೆ ಹೇಳಿದ್ರಲ್ಲ."

"ಯಾರು ಹೇಳಿದ್ದು?"

ಕಣ್ಣು ಮಿಟುಕಿಸಿ ತಮ್ಮ ಬರಿಗಾಲನ್ನು ನೋಡಿಕೊಂಡರು.

ಅವರನ್ನು ಜಗಲಿಗೆ ಎಳೆದು ತಂದು, ಒಂದು ಕೈಯಲ್ಲಿ ಅವರ ಅಂಗಿ ಬಿಡದೆ ಇನ್ನೊಂದು ಕೈಯಿಂದ ಚಿಲಕ ತೆಗೆದೆ. ಅದು ಹಾಕಿದ ಹಾಗೆಯೇ ಬಿಗಿಯಾಗಿತ್ತು. ಒಳಗೆ ದೀಪ ಉರಿಯುತ್ತಿತ್ತು. ಅನ್ನ ಬಡಿಸಿದ ಹಾಗೆಯೇ ಇತ್ತು. ಕ್ಯಾಮೆರಾ ಎತ್ತಿಕೊಂಡೆ. ದೀಪ, ಎಲೆ, ಬುತ್ತಿ ಎಲ್ಲವೂ ಅಲ್ಲೇ ಉಳಿದವು.

ಜೀಪಿನಲ್ಲಿ ಎಲ್ಲವನ್ನೂ ಹೇಳಿದೆ. ಮೋನಪ್ಪಣ್ಣ ತಮಾಷೆ ಮಾಡಬಹುದು, ರಬ್ಬರ್ ಕಾಯಿ ಸಿಡಿದದ್ದೆಂದು ಹೇಳಬಹುದು ಎಂದು ಕಾದೆ. ಹಾಗೆ ಹೇಳಿದ್ದರೆ ನಂಬುತ್ತಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ಬಡಿದಾಗ ಎದ್ದದ್ದು ಯಾರು ಅಕ್ಕ? ನೀವಾ, ಇವರಾ?"

ಹೇಳಿದೆ. ಬಡಿತಕ್ಕೆ ಏಳುವವರು ಯಾರೆಂದು ಅವರಿಗೂ ಗೊತ್ತು. ಕನ್ನಡಿಯಲ್ಲಿ ಇವರನ್ನೊಮ್ಮೆ ನೋಡಿ ಜೀಪಿನ ವೇಗ ಹೆಚ್ಚಿಸಿದರು.

ಮರುದಿನ ಫೋಟೊ ನೋಡಿದೆವು. ಎಲೆಯಿದೆ, ದೀಪವಿದೆ. ಎಲೆಯ ಹಿಂದೆ ಬಾಗಿಲು ಪೂರ್ತಿ ತೆರೆದುಕೊಂಡಿದೆ. ಆಚೆ ಜಗಲಿಯಲ್ಲಿ ನಾನು ಬೆನ್ನು ಹಾಕಿ ಕೂತಿರುವುದು ಸೀರೆಯ ಅಂಚು ಸಹಿತ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ. ಅಷ್ಟೇ.

ಅಲುಗಾಡಿದವರು ಇಂಥ ಫೋಟೊದಲ್ಲಿ ಬರುವುದಿಲ್ಲ ಎಂದು ಇವರು ವಿವರಿಸಿದರು. ಹಾಗಾದರೆ ಎದ್ದು ಓಡಿದ ನಾನು? ಚಿಲಕ ಹಾಕಿದ್ದ ಬಾಗಿಲು? ಅದಕ್ಕೆ, "ನಂಗೊತ್ತಿಲ್ಲ ಮಾರಾಯ್ತಿ, ಅಳಿಸಿಬಿಡು" ಎಂದರು. ಅಳಿಸಿದೆ.

ಅಲ್ಲಿಗೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಇವರು ಊಟಕ್ಕೆ ಕೂತಿದ್ದಾಗ ಪಾರ್ಸೆಲ್ ತಂದವನೊಬ್ಬ ಬಾಗಿಲು ಬಡಿದ. ನಾನು ಸಹಿ ಹಾಕಿ ಒಳಗೆ ಬಂದರೆ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇದೆ, ಹಿತ್ತಲ ಬಾಗಿಲು ತೆರೆದಿದೆ. ಬಾವಿಕಟ್ಟೆಯ ಹತ್ತಿರ ಹಿಡಿದೆ. ಬರಿಗಾಲು, ತೊಳೆಯದ ಕೈ. ಅಂಗಿ ಅದೇ ತಣ್ಣಗೆ.

"ಹೊರಡುದಲ್ವಾ?" ಎಂದರು.

ಅದೇ ಸಂಜೆ ಬೆಲ್ ಹಾಕಿಸಿದೆ. ಬೆಲ್ ಸದ್ದಿಗೆ ಇವರಿಗೇನೂ ಆಗುವುದಿಲ್ಲ. ಹೃದಯವೂ ಚೆನ್ನಾಗಿದೆಯೆಂದು ಡಾಕ್ಟರ್ ಹೇಳುತ್ತಾರೆ. ನಗುತ್ತಾರೆ, ಅಂಗಡಿಗೆ ಹೋಗುತ್ತಾರೆ, ಸಾಂಬಾರಿಗೆ ಉಪ್ಪಿಲ್ಲವೆಂದು ಬೈಯುತ್ತಾರೆ. ಕ್ಯಾಮೆರಾ ಮಾತ್ರ ಮುಟ್ಟುವುದಿಲ್ಲ.

ಆದರೆ ನಮ್ಮೂರಿನ ಕರೆಂಟು ನಿಮಗೆ ಗೊತ್ತಲ್ಲ. ಹೋದರೆ ಬೆಲ್ ಇಲ್ಲ. ಆಗ ಎದುರಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೊಸ್ತಿಲಲ್ಲೇ ಕೂರುತ್ತೇನೆ. ತೆರೆದ ಬಾಗಿಲನ್ನು ಯಾರೂ ಬಡಿಯುವುದಿಲ್ಲವಲ್ಲ.

ಇದನ್ನು ಬರೆಯುತ್ತಿರುವುದೂ ಹೊಸ್ತಿಲ ಮೇಲೆ ಕೂತೇ, ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ. ಒಳಗೆ ಇವರು ಉಣ್ಣುತ್ತಿದ್ದಾರೆ. ತಟ್ಟೆಗೆ ಕೈ ತಾಗುವ ಸದ್ದು ಕೇಳುತ್ತಿದೆ. ಅಂದಿನ ಹಾಗೆ ಅವರಿಗೆ ಬೆನ್ನು ಹಾಕಿ ಕೂರಲು ಧೈರ್ಯವಿಲ್ಲ. ಒಳಗೂ ಹೊರಗೂ ಕಾಣುವ ಹಾಗೆ ಅಡ್ಡ ಕೂತಿದ್ದೇನೆ...