ಮುಳ್ಳಿಲ್ಲದ ಬಿಲ್ವ

ಗಿಡಕ್ಕೆ ಹೆಸರಿಲ್ಲದಿದ್ದರೆ ಗಿಡಕ್ಕೇನೂ ತೊಂದರೆಯಿಲ್ಲ; ತೊಂದರೆಯೆಲ್ಲ ನನ್ನಂತೆ ನಿವೃತ್ತಿಯ ಮರುವಾರವೇ ತೋಟಗಾರನಾದವನಿಗೆ. ಶಿವಬಸವ ನಗರದ ನಮ್ಮ ಹಿತ್ತಿಲಲ್ಲಿ ಯಾವ ಸಸಿ ತಲೆಯೆತ್ತಿದರೂ ಅದರ ಮೂತಿಗೆ ಮೊಬೈಲು ಹಿಡಿದು ಕುಲಗೋತ್ರ ವಿಚಾರಿಸುತ್ತೇನೆ. ಮೊಬೈಲು ಬೆಳಿಗ್ಗೆ ಒಂದು ಹೆಸರು, ಸಂಜೆ ಇನ್ನೊಂದು ಹೇಳುತ್ತದೆ. ಎರಡರಲ್ಲಿ ಉಚ್ಚರಿಸಲು ಕಷ್ಟವಾದದ್ದನ್ನು ಆರಿಸಿ, ಚೀಟಿ ಬರೆದು ಕಟ್ಟುವುದು ನನ್ನ ಪದ್ಧತಿ. ಹೀಗೆ ನಾಮಕರಣಗೊಂಡ ಅಪರೂಪದ ಔಷಧಿ ಸಸ್ಯವೊಂದು ತಿಂಗಳ ಮೇಲೆ ಮೂಲಂಗಿಯಾಗಿ ಹೊರಬಂದಾಗ, ನನ್ನ ಹೆಂಡತಿ ಶಕುಂತಲಾ ಅದನ್ನು ಹೆಚ್ಚಿ ಚೀಟಿಯ ಸಮೇತ ನನ್ನ ತಾಟಿನ ಪಕ್ಕದಲ್ಲಿಟ್ಟಿದ್ದಳು.

ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಹುಟ್ಟಿ ಆಳೆತ್ತರ ಬೆಳೆದ ಗಿಡದ ವಿಷಯದಲ್ಲಿ ಮಾತ್ರ ನನಗೆ ಮೊಬೈಲಿನ ಹಂಗು ಬೇಕಾಗಲಿಲ್ಲ. ಒಂದು ತೊಟ್ಟಿಗೆ ಮೂರು ಎಲೆ. ಲಿಂಗವಂತರ ಮನೆಯಲ್ಲಿ ಹುಟ್ಟಿದವನಿಗೆ ಬಿಲ್ವಪತ್ರಿ ಗೊತ್ತಾಗದೆ ಹೋದೀತೆ? ಆ ಹೊತ್ತಿಗೆ ಶಕುಂತಲಾಳ ಕೊರಳಲ್ಲಿ ಗಂಟೊಂದು ಕಾಣಿಸಿತು. ನೆಹರು ನಗರದ ಆಸ್ಪತ್ರೆಯಲ್ಲಿ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ದಿನ, ವರದಿ ಬರುವವರೆಗೆ ನಿತ್ಯ ಇಷ್ಟಲಿಂಗಕ್ಕೆ ಹನ್ನೊಂದು ಪತ್ರಿ ಏರಿಸುತ್ತೇನೆಂದು ನನ್ನ ಅವ್ವ ಬೇಡಿಕೊಂಡಳು. ನನಗೆ ಇಂಥದರಲ್ಲಿ ನಂಬಿಕೆಯಿಲ್ಲ. ಆದರೂ ನನ್ನ ತೋಟದ ಪತ್ರಿ ಎಂಬ ಗತ್ತಿನಿಂದ ದಿನಾಲೂ ಹರಿದು ಕೊಟ್ಟೆ. ಕಣ್ಣಿಗೆ ಪೊರೆ ಬಂದ ಅವ್ವ ಬೆರಳಿನಿಂದ ಮೂರೆಲೆ ಮುಟ್ಟಿ ನೋಡಿ, ‘ವಾಸನಿ ಕಡಿಮಿ ಐತಲ್ಲೋ’ ಎಂದಳು. ಮಣ್ಣಿನ ಗುಣವೆಂದು ಒಂದು ಸಣ್ಣ ಉಪನ್ಯಾಸ ಕೊಟ್ಟು ಪಾರಾದೆ.

ಒಂಬತ್ತನೆಯ ದಿನ ಸಂಜೆ ನಾಲ್ಕಕ್ಕೆ ವರದಿ ಕೊಡುವವರಿದ್ದರು. ಬೆಳಿಗ್ಗೆ ಖಾನಾಪುರದಿಂದ ಕಾಯಿಪಲ್ಲೆ ತರುವ ಪಾರ್ವತಿಬಾಯಿ ನನ್ನ ಕೈಯ ಎಲೆ ನೋಡಿ ಬುಟ್ಟಿ ಇಳಿಸಿದಳು.

‘ಬೇಲ್‌ಪತ್ರಿ ಅಲ್ರೀ ಸಾಹೇಬ್ರ ಇದು, ವಾಯವರ್ಣಾ ಅನ್ನೂ ಗಿಡಾ. ಮಳಿಗಾಲದಾಗ ನಾವು ಇದರ ಚಿಗುರಿನ ಭಾಜಿ ಮಾಡ್ತೇವ್ರಿ. ಬೇಲ್‌ಗೆ ಮುಳ್ಳು ಇರಬೇಕಲ್ಲಾ?’

ಮುಳ್ಳು! ಇಷ್ಟು ದಿನ ಕೈಗೆ ಒಂದು ಗೀರೂ ಬೀಳದಿದ್ದುದನ್ನು ನಾನು ನನ್ನ ಕೈಚಳಕವೆಂದೇ ತಿಳಿದಿದ್ದೆ. ಬಾಗಿಲಲ್ಲಿ ನಿಂತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

‘ಅಂದ್ರ ಎಂಟ ದಿನಾ ನಾ ಲಿಂಗಕ್ಕ ಪಲ್ಲೆ ಏರ್ಸೇನೇನೋ?’

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವ್ವ ಚೌಕಟ್ಟು ಹಿಡಿದು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ‘ರಿಪೋರ್ಟ ಬರೂದ್ರಾಗ ಖರೇ ಪತ್ರಿ ತಾ. ಅಲ್ಲೀತನಾ ನಾ ನೀರೂ ಮುಟ್ಟಂಗಿಲ್ಲ.’

ಪೇಟೆಯಲ್ಲಿ ಪತ್ರಿ ಸಿಗುವುದಿಲ್ಲವೆಂದಲ್ಲ, ನನ್ನ ಗುರುತಿನ ಮೇಲೆ ನನಗೇ ಭರವಸೆ ಹಾರಿಹೋಗಿತ್ತು. ಪಾರ್ವತಿಬಾಯಿಯ ಮನೆಯ ಹಿಂದೆ ಬಿಲ್ವದ ಮರವೇ ಇತ್ತು. ಅವಳ ಜೊತೆ ಹೊರಟವನು ಶಕುಂತಲಾಗೆ ‘ಮೂರೂವರೆಕ್ಕ ಬರ್ತೀನಿ, ಕೂಡೇ ಹೋಗೂಣು’ ಎಂದೆ. ಅವಳು ಸೆರಗನ್ನು ಕೊರಳ ಮೇಲೆಳೆದುಕೊಂಡು ‘ಹೂಂ’ ಎಂದಳು. ಆ ‘ಹೂಂ’ ಎಂದರೆ ಒಪ್ಪಿಗೆಯೆಂದೇ ನಾನು ತಿಳಿದೆ.

ಖಾನಾಪುರದ ಮರ ಮೊದಲ ಭೇಟಿಯಲ್ಲೇ ನನ್ನ ಮುಂಗೈ ಗೀರಿ ತನ್ನ ಪರಿಚಯ ಹೇಳಿಕೊಂಡಿತು. ಮರಳುವಾಗ ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿತು. ಇನ್ನೊಂದು ಬರುವ ಹೊತ್ತಿಗೆ ಮೂರೂ ಮುಕ್ಕಾಲು. ನಾನು ಪತ್ರಿ ಎಣಿಸಿದೆ, ಹನ್ನೊಂದು. ಮತ್ತೆ ಎಣಿಸಿದೆ. ಒಂದರ ತುದಿಯನ್ನು ಹುಳ ತಿಂದಿದ್ದು ಕಂಡು ಮೈ ಬೆವರಿತು. ನಂಬುವವರ ಭಯಕ್ಕೆ ದೇವರಾದರೂ ದಿಕ್ಕು. ನಂಬದವನು ಹೆದರಿದರೆ ಹುಳ ತಿಂದ ಎಲೆಗೂ ಕೈ ಮುಗಿಯುತ್ತಾನೆ ನೋಡಿ. ಮನೆಗೆ ಎರಡು ಸಲ ಫೋನು ಹಚ್ಚಿದೆ. ಯಾರೂ ಎತ್ತಲಿಲ್ಲ.

ಐದಕ್ಕೆ ನಾನು ಗೇಟು ತೆಗೆಯುವುದಕ್ಕೂ ಆಟೋದಿಂದ ಶಕುಂತಲಾ ಇಳಿಯುವುದಕ್ಕೂ ಸರಿಹೋಯಿತು. ಕೈಯಲ್ಲಿ ಆಸ್ಪತ್ರೆಯ ಲಕೋಟೆಯಿತ್ತು, ಅದನ್ನು ಒಡೆಯಲಾಗಿತ್ತು.

‘ಸಾದಾ ಗಂಟಂತ. ಹೆದರೂದೇನಿಲ್ಲಂತ.’

ನಾನು ಕಟ್ಟೆಯ ಮೇಲೆ ಕುಳಿತು ಪತ್ರಿಯ ಚೀಲ ಎತ್ತಿ ತೋರಿಸಿದೆ. ಅವಳು ಅದನ್ನು ನೋಡಲಿಲ್ಲ.

‘ಅತ್ತಿ ಲಿಂಗ ಹಿಡದು ಕುಂತ್ರು, ನೀವು ಖಾನಾಪುರಕ್ಕ ಹೋದ್ರಿ. ಎಲ್ಲಾ ನನ್ನ ಸಲುವಾಗೇ ಅನ್ನೂದು ನನಗ ಗೊತ್ತೈತ್ರಿ. ಆದ್ರ ಲಕೋಟೆ ಒಡಿಯೂವಾಗ ನಾ ಬಾಗಲಾ ನೋಡಿದ್ನಿ. ನನಗ ಬಾಜೂಕ ಒಬ್ಬರು ಬೇಕಾಗಿತ್ತು.’

ಹೀಗೆ ಹೇಳಿ ಅವಳೂ ಕಟ್ಟೆಯ ಮೇಲೆ ಕುಳಿತಳು. ಒಂಬತ್ತು ದಿನ ತಡೆದಿಟ್ಟ ಅಳು ಆಗ ಬಂತು. ಒಳಗಿನಿಂದ ಅವ್ವ ‘ಪತ್ರಿ ತಂದ್ಯೇನೋ?’ ಎಂದು ಕೂಗಿದಳು. ಚೀಲ ಹಿಡಿದು ಅರ್ಧ ಎದ್ದವನು, ಅದನ್ನು ಕೆಳಗಿಟ್ಟು, ಹೆಂಡತಿಯ ಬಾಜೂಕೇ ಕುಳಿತೆ. ‘ಅವ್ವಾ, ನೀನಽ ಇಲ್ಲಿ ಬಾ’ ಎಂದೆ.