ಅಳತೆಯಕ್ಕನ ಹಿತ್ತಲ ರಾಟವಾಳಗಳು

ಅಳತೆಯಕ್ಕನ ಮುತ್ತಜ್ಜ ಹಡಗಿನ ಹಾಯಿ ಹೊಲಿಯುತ್ತಿದ್ದವನು. ಬಿರುಗಾಳಿಗೆ ಸಿಕ್ಕಿ ಹಾಯಿಯ ಕಂಬವೇ ಮುರಿದು ಬಿದ್ದರೂ ಅವನು ಹಾಕಿದ ಹೊಲಿಗೆ ಒಂದೆಳೆ ಬಿಚ್ಚಲಿಲ್ಲವಂತೆ. ಅಜ್ಜ ಹೊಲಿದದ್ದು ಸರ್ಕಸ್ಸಿನ ಡೇರೆ; ಆನೆ ಸೊಂಡಿಲು ಹಾಕಿ ಎಳೆದರೂ ಜಗ್ಗದಂಥದ್ದು. ತಾಯಿ ಬೆಂಕಿ ಆರಿಸುವವರಿಗೆ ದಪ್ಪ ಕೋಟು ಹೊಲಿದವಳು. ಬೆರಳಿಗೆ ಸೂಜಿ ನಾಟಿದರೆ ಕಿತ್ತು, ಬೆರಳನ್ನೊಮ್ಮೆ ಚೀಪಿ, ಮತ್ತೆ ಹೊಲಿಯುತ್ತಿದ್ದಳೇ ಹೊರತು ಅಯ್ಯೋ ಅಂದದ್ದನ್ನು ಯಾರೂ ಕೇಳಿಲ್ಲ. ಆ ಮೂರು ತಲೆಮಾರಿನ ಕಸುಬು ಇವಳ ಕೈಗೆ ಇಳಿದಿತ್ತು. ಟೇಪು ಮುಟ್ಟದೆ, ಬಾಗಿಲಲ್ಲಿ ನಿಂತವರನ್ನು ಮೇಲಿಂದ ಕೆಳಕ್ಕೊಮ್ಮೆ ನೋಡಿ ಎದೆ ಇಷ್ಟು, ತೋಳು ಇಷ್ಟು ಎಂದು ಬರೆದುಕೊಳ್ಳುವಳು. ಅರ್ಧ ಅಂಗುಲವೂ ಆಚೀಚೆ ಆಗುತ್ತಿರಲಿಲ್ಲ. ಅದಕ್ಕೇ ಬೀದಿಯವರು ಅವಳನ್ನು ಅಳತೆಯಕ್ಕ ಎಂದದ್ದು.

ಅವಳ ಹೊಲಿಗೆ ಮಿಷನ್ನು ಹಿಂದಿನ ಕಿಟಕಿಗೆ ಒತ್ತಿಕೊಂಡಿತ್ತು. ಆಚೆ ಹತ್ತು ಹೆಜ್ಜೆಯ ಹಿತ್ತಲು, ಬಟ್ಟೆ ಒಣಹಾಕುವ ತಂತಿ, ನೀರಿನ ಟ್ಯಾಂಕು. ಅಲ್ಲಿಗೆ ಬರುವ ಪುಟ್ಟ ಹಕ್ಕಿಗಳನ್ನೆಲ್ಲ ಗುಬ್ಬಿ ಎಂದು ಹೇಳಿ ಜನ ಕೈತೊಳೆದುಕೊಳ್ಳುತ್ತಿದ್ದರು. ಇವಳು ಬಿಡಲಿಲ್ಲ. ಬಟ್ಟೆ ಕೊಡಲು ಬಂದವರನ್ನು ಕಿಟಕಿಗೆ ಎಳೆದು, ಅದು ಗುಬ್ಬಿಯಲ್ಲ, ರಾಟವಾಳ ಎಂದು ತೋರಿಸುವಳು. ಬಿಳಿ ಎದೆಯ ಮೇಲೆ ಕಂದು ದಾರದ ಸರಪಳಿ ಹೊಲಿಗೆ ಹಾಕಿದಂತಿದ್ದರೆ ಚುಕ್ಕೆ ರಾಟವಾಳ. ಕಸೂತಿಯಿಲ್ಲದೆ ಬರೀ ಕಂದು ಬಟ್ಟೆಯಾದರೆ ಅದರದೇ ಮರಿ. ಕೋಟಿನ ಹಿಂದೆ ಅಂಗಿಯ ಬಿಳಿ ಅಂಚು ಹೊರಬಿದ್ದಂತೆ ಕಂಡರೆ ಬಿಳಿಬೆನ್ನಿನದು. ನೋಡಿದವರು ಕತ್ತು ನೋವಾಗಿ, ಹೌದು ಹೌದು ಎಂದು ತಪ್ಪಿಸಿಕೊಳ್ಳುತ್ತಿದ್ದರು.

ತಟ್ಟೆಯಲ್ಲಿ ನವಣೆ ಇಟ್ಟರೆ ಪಾರಿವಾಳಗಳು ಗುಡಿಸಿ ತಿನ್ನುತ್ತಿದ್ದವು. ಅದಕ್ಕೆ ಅವಳು ಖಾಲಿಯಾದ ದಾರದ ಕೋನುಗಳನ್ನು ಹಲಗೆಗೆ ಬಿಗಿದು, ಒಳಗೆ ನವಣೆ ತುಂಬಿ, ರಾಟವಾಳದ ತಲೆ ಹಿಡಿಯುವಷ್ಟೇ ತೂತು ಕೊರೆದಳು. ಒಂದು ನೂಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಪಾರಿವಾಳಗಳು ಬಾಯಿ ಬಾಯಿ ಬಿಟ್ಟು ಹೋದವು. ನಲವತ್ತಮೂರು ರಾಟವಾಳಗಳು ಒಂದರ ಹಿಂದೊಂದು ಅದೇ ತೂತುಗಳಿಗೆ ಮುಖ ತೂರಿಸಿ ತಿಂದವು. ಬೀದಿಯಲ್ಲಿ ಯಾರು ಸಿಕ್ಕರೂ ಅವಳು ಇದನ್ನೇ ಹೇಳುವಳು.

ಒಂದು ಬೆಳಿಗ್ಗೆ ಕಾಳು ತುಂಬಲು ಹೋದಾಗ ಎಲ್ಲವೂ ಹಾರಿದವು, ಒಂದು ಹಾರಲಿಲ್ಲ. ಮೈ ಉಬ್ಬಿಸಿಕೊಂಡು ಹಾಗೇ ಕೂತಿತ್ತು. ಅವಳು ಬೆರಳನ್ನು ಅದರ ಎದೆಗೆ ತಾಗಿಸಿದರೆ ಬೆರಳ ಮೇಲೆ ಹತ್ತಿ ಕೂತಿತು. ಕೊನೆಗೂ ಒಂದಕ್ಕಾದರೂ ನಂಬಿಕೆ ಬಂತಲ್ಲ ಎಂದು ಅವಳ ಕಣ್ಣು ತುಂಬಿತು. ಮರುದಿನ ಎರಡು ಹಾರದೆ ಉಳಿದವು. ವಾರದೊಳಗೆ ಐದು.

ಆದರೆ ಹಿಂಡು ಕರಗುತ್ತಿತ್ತು. ಮೂವತ್ತಾರು, ಇಪ್ಪತ್ತೊಂಬತ್ತು. ಗೂಡು ಕಟ್ಟಲು ಹೋಗಿರಬೇಕು ಎಂದುಕೊಂಡಳು. ಟ್ಯಾಂಕಿನ ಕೆಳಗಿನ ಬೆಕ್ಕು, ಹುಟ್ಟಿದಾಗಿನಿಂದ ಒಂದು ಹಕ್ಕಿಯನ್ನೂ ಹಿಡಿಯಲಾರದ್ದು, ಈಗ ಮೀನಂಗಡಿಯ ಕಡೆ ಹೋಗುವುದನ್ನೇ ಬಿಟ್ಟಿತ್ತು. ಅದರ ಹೊಟ್ಟೆ ನೆಲ ಮುಟ್ಟುತ್ತಿತ್ತು. ಕಂದು ಪುಕ್ಕಗಳು ಗಾಳಿಗೆ ಬಾಗಿಲವರೆಗೂ ಬಂದು ಬೀಳುತ್ತಿದ್ದವು. ಹಕ್ಕಿಗಳು ಕಡಿಮೆಯಾದಷ್ಟೂ ಅವಳು ಕಾಳು ಹೆಚ್ಚು ತುಂಬಿದಳು.

ಆಗ ಊರಿಂದ ತಂಗಿ ಬಂದಳು. ಕೋಳಿ ಫಾರಮ್ಮಿನಲ್ಲಿ ರೋಗದ ಮರಿಗಳನ್ನು ಆರಿಸಿ ತೆಗೆಯುವ ಕೆಲಸ ಅವಳದು. ಅಕ್ಕ ಬೆರಳ ಮೇಲೆ ಹಕ್ಕಿ ಕೂರಿಸಿಕೊಂಡು, ರಾಣಿಯ ಹಾಗೆ ಅಡುಗೆಮನೆಗೆ ನಡೆದು ಬಂದಳು. ತಂಗಿ ನಗಲಿಲ್ಲ. ಕೈಲಿದ್ದ ಲೋಟ ಕೆಳಗಿಟ್ಟು, ಹಕ್ಕಿಯ ಮುಖದ ಮುಂದೆ ಅಂಗೈ ಆಡಿಸಿದಳು. ಅದು ಅಲುಗಲಿಲ್ಲ.

"ಅಕ್ಕಾ, ಇದು ನಿನ್ನ ನಂಬಿ ಕೂತಿಲ್ಲ. ಇದಕ್ಕೆ ನೀನು ಕಾಣ್ತಾನೇ ಇಲ್ಲ."

"ಹೋಗೇ. ದಿನಾ ಕೋಳಿ ನೋಡಿ ನೋಡಿ ನಿಂಗೆ ನಾನೂ ರೋಗದ ಕೋಳಿ ಹಾಗೇ ಕಾಣ್ತೀನಿ."

ತಂಗಿ ಹಿತ್ತಲಿಗೆ ಹೋಗಿ ಕೋನಿನ ಒಂದು ತೂತಿನ ಅಂಚಿಗೆ ಚಿಂದಿಬಟ್ಟೆ ಸವರಿ ತಂದಳು. ಹಳದಿ ಅಂಟು. ಹಕ್ಕಿಯ ಎರಡು ಕಣ್ಣೂ ಊದಿ, ಅದೇ ಅಂಟಿನಲ್ಲಿ ಮುಚ್ಚಿಕೊಳ್ಳುತ್ತಿದ್ದವು.

"ಊರಿನವರ ಮುಖಾನೆಲ್ಲಾ ಒಂದೇ ಟವಲಲ್ಲಿ ಒರೆಸಿದ ಹಾಗಾಗಿದೆ ನೋಡು," ಎಂದಳು.

ತಂಗಿ ಬಿಡಿಸಿ ಹೇಳಿದಳು: ಒಂದರ ಕಣ್ಣಿನ ರೋಗ ಈ ತೂತುಗಳ ಅಂಚಿನಿಂದ ಉಳಿದವಕ್ಕೆ ಅಂಟುತ್ತಿದೆ. ಉಳಿದಿರುವವಾದರೂ ಬದುಕಬೇಕಾದರೆ ಹಿಂಡು ಒಡೆಯಬೇಕು. ಇಲ್ಲಿ ಇನ್ನು ಒಂದು ಕಾಳೂ ಸಿಗಬಾರದು. ಇಲ್ಲಿ ಬಂದು ಕಾಯುತ್ತಾ ಮೈಗೆ ಮೈ ತಾಗಿಸಿ ಕೂರಲೂಬಾರದು.

ಮಧ್ಯಾಹ್ನ ಹಲಗೆಯನ್ನು ಹಿತ್ತಲಲ್ಲೇ ಸುಟ್ಟರು. ಬೆರಳ ಮೇಲಿದ್ದ ಹಕ್ಕಿ ಸಂಜೆಗೆ ಬಟ್ಟೆ ಚೂರಿನ ಪೆಟ್ಟಿಗೆಯಲ್ಲಿ ಸತ್ತಿತು.

ಬೆಳಿಗ್ಗೆ ಹದಿನೆಂಟು ಬಂದವು. ತಂತಿಯ ಮೇಲೆ ಒತ್ತೊತ್ತಾಗಿ ಕೂತು ಕಿಟಕಿಯ ಕಡೆಗೇ ತಿರುಗಿದವು. ನಡುವೆ ಎರಡು ಮೈ ಉಬ್ಬಿಸಿಕೊಂಡಿದ್ದವು. ಪಕ್ಕದವು ಅವಕ್ಕೆ ಒರಗಿದ್ದವು. ಅಳತೆಯಕ್ಕ ಉದ್ದ ಕೋಲಿಗೆ ಕರಿ ಬಟ್ಟೆ ಕಟ್ಟಿಕೊಂಡು ಹೊರಬಂದು ತಂತಿಗೆ ಬಡಿದಳು. ಎದ್ದವು, ಒಂದು ಸುತ್ತು ಹಾಕಿದವು, ಅಲ್ಲೇ ಬಂದು ಕೂತವು. ಮತ್ತೆ ಬಡಿದಳು. ಈ ಸಲ ಹದಿನೇಳು ಎದ್ದವು. ಒಂದು ಕೂತೇ ಇತ್ತು. ಅವಳು ಮತ್ತೆ ಕೋಲೆತ್ತಿದಳು, ಬಡಿಯಲಾರದೆ ಇಳಿಸಿದಳು.

ತಂಗಿ ಬಂದು ಕೋಲಿಗೆ ಕೈ ಹಾಕಿದಳು. ನಾಲ್ಕು ದಿನ ರಜೆ ಹಾಕಿದ್ದೇನೆ, ನೀನು ಒಳಗೆ ಹೋಗಿ ಮಲಗು, ನಾನು ಓಡಿಸುತ್ತೇನೆ ಎಂದಳು. ಅಳತೆಯಕ್ಕ ಕೋಲು ಬಿಡಲಿಲ್ಲ.

"ಬೇಡ. ನೀನು ಓಡಿಸಿದ್ರೆ, ಯಾರೋ ಹೊಸಬಳು, ಇವಳು ಹೋದ್ಮೇಲೆ ಬರೋಣ ಅಂತ ಗೋಡೆ ಆಚೆ ಕಾಯ್ತಾ ಕೂರ್ತಾವೆ. ನಾನೇ ಓಡಿಸ್ಬೇಕು. ನಿನ್ನ ರಜಾ ನಿನ್ಹತ್ರಾನೇ ಇರ್ಲಿ. ಊರಿಗೆ ಹೋಗು."